ದೊಡ್ಡಮ್ಮನಿಗೆ 60ಕ್ಕೆ, ಅಮ್ಮನಿಗೆ 65 ದಾಟಿದ ಮೇಲೆ: ಬ್ರಿಟನ್ನಿನ ಪಿಂಚಣಿ ವಯಸ್ಸಿನ ಲೆಕ್ಕ

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿ ನೆಲೆಸಿದವರು. ದೊಡ್ಡಮ್ಮ ಹುಟ್ಟಿದ್ದು 1950ರ ಮಾರ್ಚ್‌ನಲ್ಲಿ. ಅವರಿಗೆ 60 ತುಂಬಿದ ಕೂಡಲೇ ಸ್ಟೇಟ್ ಪೆನ್ಷನ್ ಶುರುವಾಯಿತು. ಅಮ್ಮ ಹುಟ್ಟಿದ್ದು 1954ರ ಜೂನ್ ಮಧ್ಯದಲ್ಲಿ. ಅವರು 2020ರ ಮಾರ್ಚ್‌ವರೆಗೆ ಕಾಯಬೇಕಾಯಿತು. 1951ರ ಜನವರಿಯಲ್ಲಿ ಹುಟ್ಟಿದ ಅಪ್ಪನಿಗೆ 65ಕ್ಕೆ ಬಂತು. ಅಪ್ಪ ಹೇಳುವುದು ಹೀಗೆ: 'ಇಷ್ಟು ವರ್ಷ ಹೆಂಗಸರಿಗೆ ಐದು ವರ್ಷ ಪುಕ್ಕಟೆ ಸಿಗುತ್ತಿತ್ತು. ಜಾಸ್ತಿ ವರ್ಷ ಬದುಕೋದೂ ಅವರೇ. ಈಗ ಸಮ ಆಯ್ತು, ಅದಕ್ಕೆ ಯಾಕೆ ಗೋಳು?' ಅಮ್ಮನಿಗೆ ಈ ಮಾತು ಕೇಳಿದರೆ ಸಿಟ್ಟು ನೆತ್ತಿಗೇರುತ್ತದೆ. ಇವರಿಬ್ಬರಲ್ಲಿ ಯಾರು ಸರಿ?

ಉತ್ತರ: ಗಂಡ ಹೆಂಡಿರ ಜಗಳದ ನಡುವೆ ಹೋಗಬಾರದು ಅಂತ ಹಿರಿಯರು ಹೇಳಿದ್ದಾರೆ. ಆದರೂ ಹೋಗುತ್ತೇನೆ, ಯಾಕೆಂದರೆ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಇದೆ.

ಊರಿನಲ್ಲಿರುವ ಓದುಗರಿಗಾಗಿ ಮೊದಲು ಒಂದು ಮಾತು. 'ಸ್ಟೇಟ್ ಪೆನ್ಷನ್' ಅಂದರೆ ಸರ್ಕಾರಿ ನೌಕರರ ಪಿಂಚಣಿ ಅಲ್ಲ. ಬ್ರಿಟನ್ನಿನಲ್ಲಿ ಅಂಗಡಿಯಲ್ಲಿ ದುಡಿದವರಿಗೂ, ಬಸ್ ಓಡಿಸಿದವರಿಗೂ, ಸ್ವಂತ ವ್ಯಾಪಾರ ಮಾಡಿದವರಿಗೂ ಸಿಗುವ ಪಿಂಚಣಿ ಅದು. ದುಡಿಯುವಾಗ ನ್ಯಾಷನಲ್ ಇನ್ಶೂರೆನ್ಸ್ ಕಂತು ಕಟ್ಟಿರಬೇಕು, ಅಷ್ಟೇ. ಕೆಲಸ ಬಿಡುವ ವಯಸ್ಸು ಬೇರೆ, ಈ ಪಿಂಚಣಿ ಶುರುವಾಗುವ ವಯಸ್ಸು ಬೇರೆ. ನೀವು ಕೇಳಿರುವುದು ಎರಡನೆಯದರ ಬಗ್ಗೆ.

ನಿಮ್ಮ ಮನೆಯ ತಾರೀಖುಗಳನ್ನು ನೋಡಿ ನನಗೆ ಅಚ್ಚರಿಯೇನೂ ಆಗಲಿಲ್ಲ. 1950ರ ಏಪ್ರಿಲ್ 6ಕ್ಕೆ ಮೊದಲು ಹುಟ್ಟಿದ ಹೆಂಗಸರಿಗೆ ಹಳೆಯ ನಿಯಮ, 60 ವರ್ಷ. ದೊಡ್ಡಮ್ಮ ಕೆಲವೇ ವಾರಗಳ ಅಂತರದಲ್ಲಿ ಈ ಕಡೆ ಉಳಿದುಕೊಂಡರು. ಅಮ್ಮ ಪೂರ್ತಿ ಆ ಕಡೆ ಬಿದ್ದರು. ಅಕ್ಕ ತಂಗಿಯರ ವಯಸ್ಸಿನ ಅಂತರ ನಾಲ್ಕು ವರ್ಷ ಚಿಲ್ಲರೆ. ಪಿಂಚಣಿಯ ಅಂತರ ಸರಿಯಾಗಿ ಹತ್ತು ವರ್ಷ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಅಂತ ಅಮ್ಮನಿಗೆ ಅನ್ನಿಸಿದರೆ ಅದರಲ್ಲಿ ತಪ್ಪೇನಿದೆ?

ಈಗ ಅಪ್ಪನ 'ಪುಕ್ಕಟೆ ಐದು ವರ್ಷ'ಕ್ಕೆ ಬರೋಣ. ಈ ಐದು ವರ್ಷ ಎಲ್ಲಿಂದ ಬಂತು ಅಂತ ತಿಳಿದವರು ಕಡಿಮೆ.

ಶುರುವಿನಲ್ಲಿ ಗಂಡು ಹೆಣ್ಣಿಗೆ ಬೇರೆ ಬೇರೆ ವಯಸ್ಸು ಇರಲೇ ಇಲ್ಲ. ಬ್ರಿಟನ್ನಿನ ಮೊದಲ ವೃದ್ಧಾಪ್ಯ ಪಿಂಚಣಿ ಕಾಯ್ದೆ ಬಂದದ್ದು 1908ರಲ್ಲಿ. 1909ರ ಜನವರಿ 1ರಿಂದ ಹಣ ಕೊಡಲು ಶುರು ಮಾಡಿದರು. 70 ದಾಟಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ 5 ಶಿಲಿಂಗ್, ಗಂಡಾಗಲಿ ಹೆಣ್ಣಾಗಲಿ. 1925ರ ಕಾಯ್ದೆಯಲ್ಲಿ ಕಂತು ಕಟ್ಟುವ ಪದ್ಧತಿ ಬಂತು, ವಯಸ್ಸು 65ಕ್ಕೆ ಇಳಿಯಿತು. ಆಗಲೂ ಇಬ್ಬರಿಗೂ ಒಂದೇ. ಅಂತರ ಹುಟ್ಟಿದ್ದು 1940ರಲ್ಲಿ. ಮಹಾಯುದ್ಧದ ನಡುವೆ ಹೆಂಗಸರ ವಯಸ್ಸನ್ನು ಮಾತ್ರ 60ಕ್ಕೆ ಇಳಿಸಿದರು.

ಯಾಕೆ? ಹೆಂಗಸರು ಬೇಗ ದಣಿಯುತ್ತಾರೆ ಅಂತಲೋ, ಮನೆಗೆಲಸದ ಹೊರೆಯನ್ನು ಲೆಕ್ಕಕ್ಕೆ ಹಿಡಿದೋ ಅಲ್ಲ. ಅಸಲಿ ಕಾರಣ ಗಂಡನ ಜೇಬು. ಸಾಮಾನ್ಯವಾಗಿ ಹೆಂಡತಿ ಗಂಡನಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಗಂಡ 65ಕ್ಕೆ ಮನೆಯಲ್ಲಿ ಕೂತರೆ ಒಬ್ಬನ ಪಿಂಚಣಿಯಲ್ಲಿ ಇಬ್ಬರ ಸಂಸಾರ ಸಾಗಬೇಕು. ಹೆಂಡತಿಗೂ 65 ಆಗುವವರೆಗೆ ಜೋಡಿಯ ಪಿಂಚಣಿ ಇಲ್ಲ. ಹೆಂಡತಿಯ ವಯಸ್ಸನ್ನು 60 ಮಾಡಿಬಿಟ್ಟರೆ ಇಬ್ಬರಿಗೂ ಸುಮಾರು ಒಂದೇ ಹೊತ್ತಿಗೆ ಹಣ ಬರುತ್ತದೆ. ಹೀಗೆ ಲೆಕ್ಕ ಹಾಕಿದರು.

ಮದುವೆಯಾಗದ ಹೆಂಗಸರ ಹೋರಾಟವೂ ಇದರ ಹಿಂದೆ ಇತ್ತು, ಅದನ್ನು ಮರೆಯಬಾರದು. ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಗಂಡಸರು ಸತ್ತಿದ್ದರು. ಆ ತಲೆಮಾರಿನ ಎಷ್ಟೋ ಹೆಂಗಸರು ಒಂಟಿಯಾಗಿಯೇ ದುಡಿದು ಮುದುಕಿಯರಾದರು. ಕಂತು ಕಟ್ಟಿದ್ದು ಅವರು. ಆ ನಿಧಿಯಿಂದ 1925ರ ಕಾಯ್ದೆಯಡಿ ಪಿಂಚಣಿ ಪಡೆದವರಲ್ಲಿ ವಿಧವೆಯರೂ ಇದ್ದರು. ಐವತ್ತು ದಾಟಿದ ಒಂಟಿ ಹೆಂಗಸಿಗೆ ಗಿರಣಿಯಲ್ಲಿ ಕೆಲಸ ಸಿಗುವುದು ಕಷ್ಟ, ಪಿಂಚಣಿಯೂ ಇಲ್ಲ. ಬ್ರಾಡ್‌ಫರ್ಡ್‌ನ ಫ್ಲಾರೆನ್ಸ್ ವೈಟ್ ಎಂಬಾಕೆ 1935ರಲ್ಲಿ ಇವರನ್ನೆಲ್ಲ ಸೇರಿಸಿ ಸಂಘ ಕಟ್ಟಿದರು. 55ಕ್ಕೇ ಪಿಂಚಣಿ ಕೊಡಿ ಅಂತ ಕೇಳಿದರು. 55 ಸಿಗಲಿಲ್ಲ, 60 ಸಿಕ್ಕಿತು. ಆ ಕಾಲಕ್ಕೆ ಅದೇ ದೊಡ್ಡದು.

ಹಾಗಾಗಿ ಅಪ್ಪನಿಗೆ ಮೊದಲ ಉತ್ತರ ಇದು. ಆ ಐದು ವರ್ಷ ಹೆಂಗಸರ ಮೇಲಿನ ಪ್ರೀತಿಯಿಂದ ಕೊಟ್ಟ ಉಡುಗೊರೆ ಅಲ್ಲ. ಬಹುಪಾಲು ಅದು ಗಂಡನ ವಯಸ್ಸಿಗೆ ಹೊಂದಿಸಿ ಹೊಲಿದ ಅಂಗಿ.

ಆ ಅಂಗಿ ಎಷ್ಟೋ ಹೆಂಗಸರಿಗೆ ಬಿಗಿಯಾಗಿಯೂ ಇತ್ತು. ಪಿಂಚಣಿ ವಯಸ್ಸು 60 ಅಂದಮೇಲೆ ಹೆಂಗಸರನ್ನು 60ಕ್ಕೇ ಮನೆಗೆ ಕಳಿಸುವುದು ವಾಡಿಕೆಯಾಯಿತು. ಅದೇ ಕೆಲಸ ಮಾಡುವ ಗಂಡಸು 65ರವರೆಗೆ ಸಂಬಳ ಎಣಿಸುತ್ತಿದ್ದ. ಹೆಲೆನ್ ಮಾರ್ಷಲ್ ಎಂಬ ಆಹಾರ ತಜ್ಞೆಯನ್ನು 1980ರಲ್ಲಿ, 62 ತುಂಬಿದ ಸ್ವಲ್ಪ ದಿನಕ್ಕೇ, ಕೆಲಸದಿಂದ ತೆಗೆದರು. ಗಂಡಸಾಗಿದ್ದರೆ ಇನ್ನೂ ಮೂರು ವರ್ಷ ಇರಬಹುದಿತ್ತು. ಆಕೆ ಬಿಡಲಿಲ್ಲ, ಯುರೋಪಿನ ನ್ಯಾಯಾಲಯದವರೆಗೆ ಹೋದರು. 1986ರಲ್ಲಿ ಗೆದ್ದರು. ಪಿಂಚಣಿ ವಯಸ್ಸು ಬೇರೆ ಇರಬಹುದು, ಆದರೆ ಅದನ್ನೇ ನೆಪ ಮಾಡಿ ಹೆಣ್ಣನ್ನು ಕೆಲಸದಿಂದ ತೆಗೆಯುವಂತಿಲ್ಲ ಅಂತ ತೀರ್ಪಾಯಿತು.

ಗಂಡಸರೂ ಸುಮ್ನೆ ಕೂರಲಿಲ್ಲ. ನನಗೆ ತುಂಬಾ ಇಷ್ಟವಾದ ಕೇಸು ಒಂದು ಈಜುಕೊಳದ್ದು. ಈಸ್ಟ್‌ಲೀ ಎಂಬ ಊರಿನ ಜೇಮ್ಸ್ ದಂಪತಿ ಈಜಲು ಹೋದರು. ಇಬ್ಬರಿಗೂ 61 ವರ್ಷ. ಪಿಂಚಣಿ ವಯಸ್ಸು ದಾಟಿದವರಿಗೆ ಪ್ರವೇಶ ಉಚಿತ ಅಂತ ಬೋರ್ಡು. ಹೆಂಡತಿ ಹಾಗೇ ಒಳಗೆ ಹೋದರು. ಗಂಡ 75 ಪೆನ್ಸ್ ಕೊಡಬೇಕಾಯಿತು. ಆ 75 ಪೆನ್ಸ್ ಆಗ ದೇಶದ ಅತಿ ದೊಡ್ಡ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1990ರಲ್ಲಿ ಗಂಡನೇ ಗೆದ್ದ. ಈತ ಹೆಣ್ಣಾಗಿದ್ದರೆ ದುಡ್ಡು ಕೊಡಬೇಕಿತ್ತೇ? ಇಲ್ಲ. ಹಾಗಾದರೆ ಇದು ತಾರತಮ್ಯವೇ, ಊರಾಡಳಿತದ ಉದ್ದೇಶ ಒಳ್ಳೆಯದಾಗಿದ್ದರೂ ಸರಿ, ಅಂದರು ನ್ಯಾಯಮೂರ್ತಿಗಳು.

ಅದೇ ವರ್ಷ ಮೇ 17ರಂದು ಇನ್ನೂ ದೊಡ್ಡ ತೀರ್ಪು ಬಂತು. ಬಾರ್ಬರ್ ಎಂಬುವರು 52ನೇ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡಿದ್ದರು. ಅವರ ಕಂಪನಿಯ ಪಿಂಚಣಿ ಯೋಜನೆಯಲ್ಲಿ ಹಾಗೆ ಕೆಲಸ ಹೋದವರಿಗೆ ಹೆಂಗಸಾದರೆ 50ರಿಂದಲೇ, ಗಂಡಸಾದರೆ 55ರಿಂದ ಪಿಂಚಣಿ. ಕಂಪನಿ ಕೊಡುವ ಪಿಂಚಣಿಯೂ ಸಂಬಳವೇ, ಸಂಬಳದಲ್ಲಿ ಭೇದ ಮಾಡುವಂತಿಲ್ಲ ಅಂತ ಯುರೋಪಿನ ನ್ಯಾಯಾಲಯ ಹೇಳಿತು. ಕಂಪನಿಗಳ ಪಿಂಚಣಿಯೆಲ್ಲ ಸಮ ಮಾಡಬೇಕಾಗಿ ಬಂತು. ಸರ್ಕಾರದ ಪಿಂಚಣಿ ಮಾತ್ರ 60 ಮತ್ತು 65ರಲ್ಲೇ ಉಳಿಯಿತು. 1978ರ ಯುರೋಪಿಯನ್ ನಿರ್ದೇಶನದಲ್ಲಿ ಪಿಂಚಣಿ ವಯಸ್ಸಿಗೆ ಮಾತ್ರ ವಿನಾಯಿತಿ ಇತ್ತು. ದೇಶಗಳು ತಮಗೆ ಬೇಕಾದಷ್ಟು ಕಾಲ ಅಂತರ ಇಟ್ಟುಕೊಳ್ಳಬಹುದಿತ್ತು.

ಅಂತೂ 1995ರಲ್ಲಿ ಬ್ರಿಟನ್ ಕಾಯ್ದೆ ತಂದಿತು. ಹೆಂಗಸರ ವಯಸ್ಸೂ 65. ಆದರೆ ನಿಧಾನವಾಗಿ, 2010ರಿಂದ 2020ರವರೆಗೆ ಮೆಟ್ಟಿಲು ಮೆಟ್ಟಿಲಾಗಿ. ಒಂದು ತಿಂಗಳು ತಡವಾಗಿ ಹುಟ್ಟಿದವಳಿಗೆ ಪಿಂಚಣಿ ಎರಡು ತಿಂಗಳು ತಡ. ಈ ಪಟ್ಟಿಯ ಪ್ರಕಾರ ನಿಮ್ಮ ಅಮ್ಮನ ತಾರೀಖು 2018ರ ಸೆಪ್ಟೆಂಬರ್ 6. ಹದಿನೈದು ವರ್ಷ ಮೊದಲೇ ಕಾಯ್ದೆ ಬಂದಿದೆ, ನಿಧಾನವಾಗಿ ಏರಿಸುತ್ತಿದ್ದಾರೆ. ಇಷ್ಟಕ್ಕೇ ನಿಂತಿದ್ದರೆ ಅಪ್ಪನ ವಾದಕ್ಕೆ ನಾನೂ ತಲೆಯಾಡಿಸುತ್ತಿದ್ದೆ.

ನಿಲ್ಲಲಿಲ್ಲ. 2010ರಲ್ಲಿ ಹೊಸ ಸಮ್ಮಿಶ್ರ ಸರ್ಕಾರ ಬಂತು. ಹೆಂಗಸರ ವಯಸ್ಸನ್ನು 66ಕ್ಕೆ ಏರಿಸುವುದು 2020ಕ್ಕೆ ಮೊದಲು ಶುರುವಾಗದು ಅಂತ ಅವರದೇ ಒಪ್ಪಂದದ ಕಾಗದದಲ್ಲಿ ಬರೆದುಕೊಂಡಿದ್ದರು. ಮರುವರ್ಷವೇ ಬೇರೆ ಕಾಯ್ದೆ. 2018ರ ನವೆಂಬರ್ ಹೊತ್ತಿಗೆ ಹೆಂಗಸರಿಗೆ 65, 2020ರ ಅಕ್ಟೋಬರ್ ಹೊತ್ತಿಗೆ ಇಬ್ಬರಿಗೂ 66. ಜನ ಜಾಸ್ತಿ ಬದುಕುತ್ತಿದ್ದಾರೆ, ಬೊಕ್ಕಸದಲ್ಲಿ ಹಣ ಇಲ್ಲ ಅಂತ ಕಾರಣ ಕೊಟ್ಟರು. ಮೊದಲ ಕರಡಿನಲ್ಲಿ ಕೆಲವು ಹೆಂಗಸರಿಗೆ ಪೂರ್ತಿ ಎರಡು ವರ್ಷದ ಹೊಡೆತ ಇತ್ತು. ಗಲಾಟೆಯಾದ ಮೇಲೆ ಅದನ್ನು 18 ತಿಂಗಳಿಗೆ ಇಳಿಸಿದರು.

ಆ 18 ತಿಂಗಳ ಹೊಡೆತ ಪೂರ್ತಿ ತಿಂದವರಲ್ಲಿ ನಿಮ್ಮ ಅಮ್ಮ ಒಬ್ಬರು. 2018ರ ಸೆಪ್ಟೆಂಬರ್ 6 ಹೋಗಿ 2020ರ ಮಾರ್ಚ್ 6 ಆಯಿತು. ಆ ಸಮಯದಲ್ಲಿ ಪೂರ್ಣ ಪಿಂಚಣಿ ವಾರಕ್ಕೆ 164.35 ಪೌಂಡ್, 2019ರ ಏಪ್ರಿಲ್‌ನಿಂದ 168.60 ಪೌಂಡ್. ಎಪ್ಪತ್ತೆಂಟು ವಾರಕ್ಕೆ ಗುಣಿಸಿದರೆ ಸುಮಾರು 13 ಸಾವಿರ ಪೌಂಡ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ ಅಲ್ವಾ?

ಒಂದು ವಿಚಾರ ಅಮ್ಮನಿಗೂ ಹೇಳಿ. ಅದೇ ದಿನ ಹುಟ್ಟಿದ ಗಂಡಸಿಗೂ ಪಿಂಚಣಿ ಬಂದದ್ದು 2020ರ ಮಾರ್ಚ್ 6ಕ್ಕೇ. 1953ರ ಡಿಸೆಂಬರ್ 6ರ ನಂತರ ಹುಟ್ಟಿದವರಲ್ಲಿ ಗಂಡು ಹೆಣ್ಣಿನ ಅಂತರ ಇಲ್ಲವೇ ಇಲ್ಲ. ಅಂದರೆ ಅಮ್ಮನ ತಕರಾರು 'ಗಂಡಸರಿಗೆ ಸಿಕ್ಕಿತು, ನನಗೆ ಸಿಗಲಿಲ್ಲ' ಎಂಬುದಲ್ಲ. ಗಂಡಸಿಗೆ ಕೆಲವು ತಿಂಗಳು ಮುಂದೆ ಹೋಯಿತು, ಅಮ್ಮನಿಗೆ 60ರಿಂದ ಲೆಕ್ಕ ಹಿಡಿದರೆ ಐದೂಮುಕ್ಕಾಲು ವರ್ಷ ಹೋಯಿತು. ಅದೂ ಎರಡು ಸಲ ತಾರೀಖು ಬದಲಾಗಿ.

ಈ ಜಗಳದ ನಿಜವಾದ ಗಂಟು ಇರುವುದು ತಿಳಿಸುವುದರಲ್ಲಿ. ಕಾಯ್ದೆ 1995ರಲ್ಲಿ ಆಯಿತಲ್ಲ, ಹೆಂಗಸರಿಗೆ ಹೆಸರು ಹೆಸರಿಗೆ ಪತ್ರ ಹೋಗಲು ಶುರುವಾದದ್ದು ಯಾವಾಗ ಗೊತ್ತೇ? 2009ರ ಏಪ್ರಿಲ್‌ನಲ್ಲಿ. ಹದಿನಾಲ್ಕು ವರ್ಷದ ಮೇಲೆ. ನಡುವೆ ಕರಪತ್ರ, ಜಾಹೀರಾತು ಇದ್ದವು. ಆದರೆ 2004ರಲ್ಲಿ ಪಿಂಚಣಿ ಇಲಾಖೆಯೇ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬಾಧಿತ ಹೆಂಗಸರ ಪೈಕಿ ತಮ್ಮ ಪಿಂಚಣಿ ವಯಸ್ಸು 60 ಅಲ್ಲ ಅಂತ ಗೊತ್ತಿದ್ದವರು ಬರೀ 43 ಶೇಕಡ. ಅದು ಗೊತ್ತಾದ ಮೇಲೂ ಪತ್ರ ಬರೆಯಲು ತಡ ಮಾಡಿದರು. 60ಕ್ಕೆ ಪಿಂಚಣಿ ಬರುತ್ತದೆ ಅಂತ ನಂಬಿ ಕೆಲಸ ಬಿಟ್ಟವರಿದ್ದರು. ಕೂಡಿಟ್ಟ ಹಣವನ್ನು ಮಗಳ ಮನೆಗೋ ಮೊಮ್ಮಕ್ಕಳಿಗೋ ಕೊಟ್ಟವರಿದ್ದರು. ಪಿಂಚಣಿಯ ಲೆಕ್ಕವೇ ಹಾಗೆ, ಕೊನೆಯ ಗಳಿಗೆಯಲ್ಲಿ ಗೊತ್ತಾದರೆ ಸರಿಪಡಿಸಲು ಸಮಯವೇ ಇರುವುದಿಲ್ಲ.

ಇಂಥ ಹೆಂಗಸರು 2015ರಲ್ಲಿ ವಾಸ್ಪಿ ಎಂಬ ಹೋರಾಟ ಶುರು ಮಾಡಿದರು. ಇನ್ನೊಂದು ಗುಂಪು ಕೋರ್ಟಿಗೆ ಹೋಯಿತು. 60ರಿಂದಲೇ ಹಣ ಕೊಡಿ ಅಂತ ಕೇಳಿತು. 2019ರಲ್ಲಿ ಹೈಕೋರ್ಟ್‌ನಲ್ಲಿ ಸೋಲು, 2020ರಲ್ಲಿ ಮೇಲ್ಮನವಿಯಲ್ಲೂ ಸೋಲು. ಹಳೆಯ ಅಂತರವನ್ನು ತೆಗೆದುಹಾಕುವುದು ತಾರತಮ್ಯವಾಗದು ಅಂದರು ನ್ಯಾಯಾಧೀಶರು. ಕಾನೂನಿನ ಕಣ್ಣಲ್ಲಿ ಅದು ಸರಿ ಅಂತಲೇ ನನಗೂ ಅನ್ನಿಸುತ್ತದೆ.

ಸರ್ಕಾರಿ ಇಲಾಖೆಗಳ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್ ನೋಡಿದ್ದು ಬೇರೆ ಪ್ರಶ್ನೆ. ವಯಸ್ಸು ಏರಿಸಿದ್ದು ಸರಿಯೇ ಅಂತಲ್ಲ, ಸರಿಯಾಗಿ ತಿಳಿಸಿದರೇ ಅಂತ. 2021ರಲ್ಲಿ ಉತ್ತರ ಬಂತು. 2006ರ ಡಿಸೆಂಬರ್ ಹೊತ್ತಿಗೇ ಪತ್ರ ಹೋಗಬೇಕಿತ್ತು, 28 ತಿಂಗಳು ತಡವಾಯಿತು, ಇದು ಆಡಳಿತದ ತಪ್ಪು. 2024ರ ಮಾರ್ಚ್‌ನಲ್ಲಿ 1,000ದಿಂದ 2,950 ಪೌಂಡ್ ಪರಿಹಾರ ಕೊಡಬಹುದು ಅಂತ ಶಿಫಾರಸು ಮಾಡಿದರು. ಕಳೆದುಹೋದ ಪಿಂಚಣಿಯನ್ನು ತುಂಬಿಕೊಡುವ ಮೊತ್ತ ಇದಲ್ಲ. ಮುಂದಾಲೋಚನೆಗೆ ಅವಕಾಶ ತಪ್ಪಿಸಿದ್ದಕ್ಕೆ ಮಾತ್ರ. 2024ರ ಡಿಸೆಂಬರ್‌ನಲ್ಲಿ ಸರ್ಕಾರ ತಡಕ್ಕೆ ಕ್ಷಮೆ ಕೇಳಿತು, ಹಣ ಕೊಡುವುದಿಲ್ಲ ಅಂತಲೂ ಹೇಳಿತು. ಬಹಳ ಹೆಂಗಸರಿಗೆ ಬದಲಾವಣೆ ಗೊತ್ತಿತ್ತು, ಪತ್ರ ಮೊದಲೇ ಕಳಿಸಿದ್ದರೂ ದೊಡ್ಡ ವ್ಯತ್ಯಾಸ ಆಗುತ್ತಿರಲಿಲ್ಲ ಎಂಬುದು ಅವರ ವಾದ. ಪತ್ರದಿಂದ ಪ್ರಯೋಜನ ಇಲ್ಲ ಅಂದಮೇಲೆ ಆ ಇಲಾಖೆ ವರ್ಷವೆಲ್ಲ ಪತ್ರ ಬರೆಯುವುದಾದರೂ ಯಾಕೋ! ತಪ್ಪು ಒಪ್ಪಿಕೊಂಡು ಪರಿಹಾರ ಇಲ್ಲ ಅನ್ನುವುದು ಗಾಯದ ಮೇಲೆ ಎಳೆದ ಬರೆ.

ಇನ್ನು 'ಜಾಸ್ತಿ ಬದುಕೋದೂ ಅವರೇ' ಎಂಬ ಮಾತು. ಹೌದು, ಬ್ರಿಟನ್ನಿನಲ್ಲಿ ಮಾತ್ರವಲ್ಲ, ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಹೆಂಗಸರ ಸರಾಸರಿ ಆಯಸ್ಸು ಜಾಸ್ತಿ. ಅದನ್ನೇ ಹಿಡಿದರೆ ಹೆಂಗಸರ ಪಿಂಚಣಿ ವಯಸ್ಸು ಗಂಡಸರಿಗಿಂತ ಹೆಚ್ಚಿರಬೇಕು. ಆದರೆ ಆಯಸ್ಸಿನ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸುವುದು ಹೇಗೆ? ಶ್ರೀಮಂತರು ಬಡವರಿಗಿಂತ ಜಾಸ್ತಿ ಬದುಕುತ್ತಾರೆ. ಆಫೀಸಿನವರು ಗಣಿ ಕೆಲಸದವರಿಗಿಂತ ಜಾಸ್ತಿ ಬದುಕುತ್ತಾರೆ. ಅವರಿಗೆಲ್ಲ ಬೇರೆ ಬೇರೆ ವಯಸ್ಸು ಇಡಿ ಅಂತ ಹೇಳುವವರು ಕಡಿಮೆ. ಎಲ್ಲರ ಕಂತು ಒಂದೇ ಹುಂಡಿಗೆ ಬೀಳುತ್ತದೆ. ಬೇಗ ಹೋದವರ ಪಾಲು ಉಳಿದವರಿಗೆ. ಪಿಂಚಣಿ ನಡೆಯುವುದೇ ಹೀಗೆ.

ಬೇರೆ ದೇಶಗಳಲ್ಲೂ ಇದೇ ಕಥೆ, ವೇಗ ಮಾತ್ರ ಬೇರೆ. ಆಸ್ಟ್ರೇಲಿಯಾ 1995ರಲ್ಲಿ ಶುರು ಮಾಡಿ 2013ರಲ್ಲಿ ಸಮ ಮಾಡಿ ಮುಗಿಸಿತು. ಸ್ವಿಟ್ಜರ್ಲೆಂಡ್‌ನಲ್ಲಿ ಜನರನ್ನೇ ಕೇಳಿದರು. 2022ರ ಸೆಪ್ಟೆಂಬರ್‌ನ ಮತದಾನದಲ್ಲಿ ಹೆಂಗಸರ ವಯಸ್ಸನ್ನು 64ರಿಂದ 65 ಮಾಡುವುದಕ್ಕೆ ಒಪ್ಪಿಗೆ ಸಿಕ್ಕಿತು, ಅದೂ ಕೂದಲೆಳೆಯ ಅಂತರದಲ್ಲಿ. ಪೋಲೆಂಡ್ 2012ರಲ್ಲಿ ಇಬ್ಬರಿಗೂ 67 ಅಂತ ಕಾಯ್ದೆ ಮಾಡಿತು, ಸರ್ಕಾರ ಬದಲಾಗಿ 2017ರಲ್ಲಿ ಹಿಂದಕ್ಕೆ ಬಂತು. ಈಗಲೂ ಅಲ್ಲಿ 60 ಮತ್ತು 65. ಚೀನಾದಲ್ಲಿ ಹೆಂಗಸರಲ್ಲೇ ಎರಡು ಬಗೆ: 2024ರವರೆಗೆ ಕಾರ್ಖಾನೆಯವರಿಗೆ 50, ಕಚೇರಿಯವರಿಗೆ 55, ಗಂಡಸರಿಗೆ 60 ಇತ್ತು. 2025ರಿಂದ ಹದಿನೈದು ವರ್ಷಗಳಲ್ಲಿ ಇವು 55, 58, 63 ಆಗುತ್ತವೆ. ಕಾರ್ಖಾನೆಯ ಹೆಂಗಸರ ಮಟ್ಟಿಗೆ ಅಂತರ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಕಚೇರಿಯವರಿಗೆ ಅಷ್ಟೇ ಉಳಿಯುತ್ತದೆ.

ಇವರಲ್ಲಿ ನನಗೆ ಮೆಚ್ಚುಗೆಯಾದದ್ದು ಆಸ್ಟ್ರಿಯಾ. ಬೇರೆ ಬೇರೆ ವಯಸ್ಸು ಸಮಾನತೆಗೆ ವಿರುದ್ಧ ಅಂತ ಅಲ್ಲಿನ ಸಂವಿಧಾನ ನ್ಯಾಯಾಲಯ 1990ರಲ್ಲೇ ಹೇಳಿತು. ಆದರೆ ನಂಬಿಕೊಂಡ ಹೆಂಗಸರಿಗೆ ದಿಢೀರ್ ಪೆಟ್ಟು ಬೀಳಬಾರದು ಅಂತ ಸಂಸತ್ತು ಬಹಳ ದೂರದ ತಾರೀಖು ಇಟ್ಟಿತು. 2024ರಿಂದ ವರ್ಷಕ್ಕೆ ಆರು ತಿಂಗಳಂತೆ ಏರಿಸಿ 2033ಕ್ಕೆ ಸಮ ಮಾಡುತ್ತಾರೆ. ಮೂವತ್ತು ವರ್ಷಕ್ಕೂ ಜಾಸ್ತಿ ಮುನ್ಸೂಚನೆ! ಇದು ಅತಿಯಾಯಿತು ಅನ್ನುವವರಿದ್ದಾರೆ. ಇರಲಿ, 'ನನಗೆ ಯಾರೂ ಹೇಳಲೇ ಇಲ್ಲ' ಅನ್ನುವ ಆಸ್ಟ್ರಿಯಾದ ಹೆಂಗಸು ಸಿಗುವುದು ಕಷ್ಟ.

ಮಕ್ಕಳನ್ನು ಹೆತ್ತು ಸಾಕಿದ್ದಕ್ಕೆ ಹೆಂಗಸರಿಗೆ ಬೇಗ ಪಿಂಚಣಿ ಕೊಡಬಾರದೇ ಅಂತ ಕೆಲವರು ಕೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಬೇಗ ಕೊಟ್ಟರೆ ಎಷ್ಟೋ ದೇಶಗಳಲ್ಲಿ ಕಂತಿನ ವರ್ಷ ಕಡಿಮೆಯಾಗಿ ಪಿಂಚಣಿಯ ಮೊತ್ತವೇ ತಗ್ಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 65 ದಾಟಿದ ಹೆಂಗಸರ ಪಿಂಚಣಿ ಗಂಡಸರದ್ದಕ್ಕಿಂತ ಸರಾಸರಿ ಕಾಲು ಭಾಗದಷ್ಟು ಕಡಿಮೆ ಇದೆ. ಸಾಕಿದ ವರ್ಷಗಳನ್ನು ಕಂತು ಕಟ್ಟಿದ ವರ್ಷಗಳೆಂದೇ ಎಣಿಸುವುದು ನೇರ ದಾರಿ. ಅದು ಅಪ್ಪ ಮಗುವನ್ನು ನೋಡಿಕೊಂಡರೂ ಸಲ್ಲುತ್ತದೆ, ಮಕ್ಕಳಿಲ್ಲದವರಿಗೆ ಅನ್ಯಾಯವೂ ಆಗುವುದಿಲ್ಲ.

ಇದರ ಬಗ್ಗೆ ನಿಮ್ಮ ಮನೆಯಲ್ಲೇ ಒಂದು ತಮಾಷೆ ಅಡಗಿದೆ. ಪೂರ್ಣ ಮೂಲ ಪಿಂಚಣಿಗೆ ದೊಡ್ಡಮ್ಮ 39 ವರ್ಷದ ಕಂತು ತೋರಿಸಬೇಕಿತ್ತು. ಅವರಿಗೆ 60 ತುಂಬಿದ ಕೆಲವೇ ವಾರಕ್ಕೆ, 2010ರ ಏಪ್ರಿಲ್ 6ರಿಂದ, ಅದು 30 ವರ್ಷಕ್ಕೆ ಇಳಿಯಿತು. ಮೊದಲು ಗಂಡಸರಿಗೆ 44 ಬೇಕಿತ್ತು, ಅಪ್ಪನ ಹೊತ್ತಿಗೆ ಅವರಿಗೂ 30 ಸಾಕಾಯಿತು. ಅಮ್ಮ 2016ರ ಹೊಸ ಪದ್ಧತಿಗೆ ಸೇರಿದವರು, ಅಲ್ಲಿ 35. ದೊಡ್ಡಮ್ಮ ಮಕ್ಕಳಿಗಾಗಿ ಕೆಲಸ ಬಿಟ್ಟು ಮನೆಯಲ್ಲಿದ್ದವರಾದರೆ, ಅಥವಾ ಮದುವೆಯಾದ ಹೆಂಗಸರ 'ಚಿಕ್ಕ ಕಂತು' ಕಟ್ಟಿದ್ದರೆ, ಬೇಗ ಬಂದ ಅವರ ಪಿಂಚಣಿ ಚಿಕ್ಕದಾಗಿಯೇ ಇರುತ್ತದೆ. ಆ ಚಿಕ್ಕ ಕಂತಿನಿಂದ ಸ್ವಂತ ಪಿಂಚಣಿಯೇ ಹುಟ್ಟುತ್ತಿರಲಿಲ್ಲ. 1977ರಲ್ಲಿ ಹೊಸಬರಿಗೆ ಅದನ್ನು ನಿಲ್ಲಿಸಿದರು. ಅಕ್ಕ ತಂಗಿ ಇಬ್ಬರೂ ವಾರದ ಮೊತ್ತವನ್ನು ಪಕ್ಕಪಕ್ಕ ಇಟ್ಟು ನೋಡಲಿ. ಯಾರಿಗೆ ಬೆಣ್ಣೆ, ಯಾರಿಗೆ ಸುಣ್ಣ ಅಂತ ಆಮೇಲೆ ಮಾತಾಡಬಹುದು.

ಹಾಗೇ ಒಂದು ಕೆಲಸ ಮಾಡಿ. 1978ರಿಂದ 2010ರವರೆಗೆ ಮಕ್ಕಳನ್ನು ಸಾಕಿದ ವರ್ಷಗಳಿಗೆ 'ಹೋಮ್ ರೆಸ್ಪಾನ್ಸಿಬಿಲಿಟೀಸ್ ಪ್ರೊಟೆಕ್ಷನ್' ಎಂಬ ರಕ್ಷಣೆ ಇತ್ತು. ತುಂಬಾ ಹೆಂಗಸರ ದಾಖಲೆಯಲ್ಲಿ ಅದು ಬಿಟ್ಟುಹೋಗಿದೆ. ಸರ್ಕಾರವೇ ಅದನ್ನು ಒಪ್ಪಿಕೊಂಡು ಸರಿಪಡಿಸುತ್ತಿದೆ. ಅಮ್ಮ, ದೊಡ್ಡಮ್ಮ ಇಬ್ಬರ ನ್ಯಾಷನಲ್ ಇನ್ಶೂರೆನ್ಸ್ ದಾಖಲೆಯನ್ನೂ ತರಿಸಿ ನೋಡಿ. ನಿಮಗೆ ಚೈಲ್ಡ್ ಬೆನಿಫಿಟ್ (ಮಕ್ಕಳಿಗಾಗಿ ಸರ್ಕಾರ ಕೊಡುವ ಹಣ) ಯಾರ ಹೆಸರಿನಲ್ಲಿ ಬರುತ್ತಿತ್ತು, ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತ ಅಮ್ಮನನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ವರ್ಷಗಳು ದಾಖಲೆಯಲ್ಲಿ ಖಾಲಿ ಕಂಡರೆ ಸರಿಪಡಿಸಲು ಅರ್ಜಿ ಹಾಕಿ. ಪಿಂಚಣಿ ಶುರುವಾದ ಮೇಲೂ ಹಾಕಬಹುದು, ಹಿಂದಿನ ಬಾಕಿಯೂ ಸಿಗುತ್ತದೆ. ವಾಸ್ಪಿಯ ಪರಿಹಾರಕ್ಕೆ ಕಾದು ಕೂರುವುದಕ್ಕಿಂತ ಇದು ಬೇಗ ಕೈಗೆ ಸಿಗುವ ಹಣ.